ಗೊಬ್ಬರದ ಹೆಪ್ಪು

ಆ ಭಾನುವಾರ ಬೆಳಿಗ್ಗೆ ನಾನು ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ನನ್ನ ಹೆಂಡತಿ ಮಹಾನಂದಾ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಒಂದು ಮಣ್ಣಿನ ಗಡಿಗೆಯೊಳಗೆ ಕೋಲು ಆಡಿಸುತ್ತಿದ್ದಳು. ಗಡಿಗೆಯಲ್ಲಿ ಇದ್ದದ್ದು ಬದನೆಕಾಯಿ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಸೋಸಿ ಉಳಿದ ಚಹಾಪುಡಿ, ಮೆಂತೆ ಸೊಪ್ಪಿನ ಕಡ್ಡಿ. ಅಡುಗೆಮನೆಗೆ ಬೇಡವಾದದ್ದೆಲ್ಲ ಅವಳ ಕೈಯಲ್ಲಿ ಕೆಲವು ತಿಂಗಳಲ್ಲಿ ಕರಿ ಮಣ್ಣಾಗುತ್ತಿತ್ತು.

“ಜರಾ ಕುರ್ಚಿ ಸರಸ್ರಿ. ಗಡಿಗಿ ಇಳಸಬೇಕು,” ಅಂದಳು.

“ಎಲ್ಲಿಗಿ ಸರಸ್ಲಿ? ಹಿಂದ ಗ್ವಾಡಿ ಅದ, ಮುಂದ ಮೆಟ್ಟಲ ಅವ.”

“ಹಂಗಾರ ಒಳಗ ಹೋಗಿ ಓದ್ರಿ.”

ಅವಳು ಹೇಳಿದ್ದು ಸರಿಯೇ ಇತ್ತು. ಕಲಬುರಗಿಯ ಶಹಾಬಜಾರದ ಹಳೆಯ ಮನೆಯೊಂದರ ಮೇಲಂತಸ್ತಿನಲ್ಲಿ ನಾವು ಬಾಡಿಗೆಗಿದ್ದೆವು. ಹೊರಗಿನ ಜಾಗ ಎಂದು ನಮಗೆ ಇದ್ದದ್ದು ಕಲ್ಲಿನ ಮೆಟ್ಟಿಲು ಮುಗಿಯುವಲ್ಲಿನ ಒಂದು ಕಟ್ಟೆ ಮಾತ್ರ. ಒಂದು ಮಂಚ ಹಾಕಿದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಷ್ಟರಲ್ಲೇ ಅವಳ ಮೂರು ಗಡಿಗೆಗಳು ಒಂದರ ಮೇಲೊಂದು ಕುಳಿತಿದ್ದವು. ಪಕ್ಕದಲ್ಲಿ ಎಣ್ಣೆ ಡಬ್ಬಿಗಳಲ್ಲಿ ಕರಿಬೇವು, ಪುದೀನ, ಅಬ್ಬಲಿಗೆ. ಉಳಿದ ಜಾಗ ನನ್ನದು. ಅಂದರೆ ಕುರ್ಚಿಯದು.

“ಇದಕ್ಕ ಇಷ್ಟ ತ್ರಾಸ ಯಾಕ ತಗೋತಿ?” ಅಂದೆ. “ಕೊಳಿಯೂದು ಒಂದು ಕೆಲಸೇನು? ಬಿಟ್ಟರ ತಾನ ಕೊಳಿತದ.”

“ಕೊಳಿಯೂದು ಬ್ಯಾರಿ, ಗೊಬ್ಬರ ಆಗೂದು ಬ್ಯಾರಿ. ನಿಮ್ಮ ಕೈಯಾಗ ಒಂದ ತಿಂಗಳ ಕೊಟ್ಟು ನೋಡಬೇಕು.”

“ಕೊಡು. ಮಾಡಿ ತೋರಸ್ತೀನಿ.”

ಅವಳು ನಕ್ಕು, ನನ್ನನ್ನು ಕುರ್ಚಿಯ ಸಮೇತ ಒಳಗೆ ಕಳಿಸಿದಳು.

ಮರುದಿನ ನಂದೂರಿನ ಬೇಳೆ ಮಿಲ್ಲಿನಲ್ಲಿ ನಾನು ತೂಕದ ಕಾಟಾದ ಮುಂದೆ ಕುಳಿತಿದ್ದಾಗ ಫೋನ್ ಬಂತು. ಸೇಡಂ ರಸ್ತೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಹಾನಂದಾಳ ಹೃದಯ ನಿಂತಿತು ಎಂದರು. ಒಂದು ತಿಂಗಳ ಮಟ್ಟಿಗೆ ಕೊಟ್ಟು ನೋಡಬೇಕು ಎಂದವಳು ಗಡಿಗೆಗಳನ್ನು ನನಗೆ ಪೂರ್ತಿಯಾಗಿಯೇ ಕೊಟ್ಟು ಹೋದಳು.

ಈ ಗಡಿಗೆಗಳ ಬಗ್ಗೆ ಒಂದು ಮಾತು ಹೇಳಬೇಕು. ಮಹಾನಂದಾ ಹೊಸ ಗಡಿಗೆ ಹೂಡುವಾಗ ಹಳೆಯ ಗೊಬ್ಬರದ ಒಂದು ಹಿಡಿಯನ್ನು ತಳಕ್ಕೆ ಹಾಕುತ್ತಿದ್ದಳು. ಹಾಲಿಗೆ ಹೆಪ್ಪು ಹಾಕುವ ಹಾಗೆ. ಹೆಪ್ಪು ಎಂದೇ ಅದನ್ನು ಕರೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕಮಲಾಪುರದ ತವರುಮನೆಯ ತಿಪ್ಪೆಯಿಂದ ತಂದ ಹೆಪ್ಪು ಅದು. ಗಡಿಗೆಯಿಂದ ಗಡಿಗೆಗೆ ದಾಟುತ್ತ ನಮ್ಮ ಸಂಸಾರದಷ್ಟೇ ಹಳೆಯದಾಗಿತ್ತು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಅವಳು ದೇವರ ಫೋಟೋ ಒಂದು ಕೈಯಲ್ಲಿ, ಹೆಪ್ಪಿನ ಗಡಿಗೆ ಇನ್ನೊಂದು ಕೈಯಲ್ಲಿ ಹಿಡಿದು ಮೊದಲು ಹೊಸ್ತಿಲು ದಾಟುತ್ತಿದ್ದಳು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಅವಳದೆಂದು ಜೀವ ಇರುವ ವಸ್ತು ಈಗ ಅದೊಂದೇ ಉಳಿದಿತ್ತು. ಆ ಹೆಪ್ಪು ಕೆಡಬಾರದು, ಮುಗಿಯಬಾರದು. ನನ್ನ ಪಾಲಿಗೆ ಉಳಿದ ಜವಾಬ್ದಾರಿ ಇಷ್ಟೇ.

ಬಹಳ ಸಣ್ಣ ಜವಾಬ್ದಾರಿ ಎಂದು ನನಗೆ ಅನ್ನಿಸಿತು. ಕಸ ಹಾಕುವುದು, ಕೊಳೆಯುವವರೆಗೆ ಕಾಯುವುದು. ಇದರಲ್ಲಿ ತಪ್ಪು ಮಾಡಲು ಜಾಗವಾದರೂ ಎಲ್ಲಿದೆ?

ಇತ್ತು.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ ನಾನು ಅಡುಗೆ ಶುರು ಮಾಡಿದೆ. ಅನ್ನ, ಸಾರು ಮಾಡುವುದನ್ನು ನಾನು ಕಲಿತದ್ದು ಅವಳು ಮಾಡುವುದನ್ನು ನೋಡಿ. ನೋಡಿದ್ದೆಲ್ಲ ಇಬ್ಬರ ಅಳತೆ. ಒಬ್ಬನ ಅಳತೆಯನ್ನು ನನಗೆ ಯಾರೂ ತೋರಿಸಿರಲಿಲ್ಲ. ಹೀಗಾಗಿ ದಿನವೂ ಒಂದು ಪಾಲು ಉಳಿಯುತ್ತಿತ್ತು. ಅನ್ನ ಚೆಲ್ಲಬಾರದು. ಗಡಿಗೆ ಇದೆಯಲ್ಲ! ಉಳಿದ ಅನ್ನ, ತೊಗರಿಬೇಳೆ ಸಾರು, ಮಜ್ಜಿಗೆ, ಎಲ್ಲವನ್ನೂ ಅದಕ್ಕೇ ಸುರಿದೆ. ನಾನು ಉಂಡದ್ದನ್ನೇ ಗಡಿಗೆಯೂ ಉಣ್ಣುತ್ತಿತ್ತು. ಒಟ್ಟಿಗೆ ಊಟ ಮಾಡುವವರು ಒಬ್ಬರು ಇದ್ದ ಹಾಗೆ ಆಯಿತು.

ಒಂದು ದಿನ ಸಂಜೆ ಕೆಳಗಿನಿಂದ ನೀಲಮ್ಮಕ್ಕನ ದನಿ ಬಂತು. ನೀಲಮ್ಮಕ್ಕ ನಮ್ಮ ಮನೆಯ ಮಾಲಕರು. ಕೆಳಗೆ ಒಬ್ಬರೇ ಇರುತ್ತಾರೆ. ವಯಸ್ಸಾಗಿದೆ, ದನಿಗೆ ಆಗಿಲ್ಲ.

“ಶರಣಪ್ಪಾ, ಮ್ಯಾಲ ಏನ್ ಸತ್ತದ?”

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು. ಸೆರಗು ಸರಿಪಡಿಸಿಕೊಂಡು, “ಅಂದ್ರ, ಇಲಿ ಗಿಲಿ ಅಂತ ಕೇಳಿದೆ,” ಅಂದರು.

“ಏನೂ ಇಲ್ರಿ ಅಕ್ಕಾರ. ಗೊಬ್ಬರ ಆಗಾಕತ್ತದ.”

“ಗೊಬ್ಬರಲ್ಲ ಅದು. ಗಟಾರ ಒಡದಂಗ ವಾಸನಿ ಬರಾಕತ್ತದ. ನಿನಗ ಬರವಲ್ದೇನು?”

ನನಗೆ ಬರುವುದಿಲ್ಲ. ಇಷ್ಟು ವರ್ಷ ಬೇಳೆ ಮಿಲ್ಲಿನ ದೂಳು ಕುಡಿದ ಮೂಗು ನನ್ನದು. ಅದಕ್ಕೆ ಊದುಬತ್ತಿಯೂ ಒಂದೇ, ಉಚ್ಚೆ ಗುಂಡಿಯೂ ಒಂದೇ. ಹಾಲು ಒಡೆದಿದೆಯೋ, ಗ್ಯಾಸ್ ಸೋರುತ್ತಿದೆಯೋ, ಅಂಗಿ ಒಗೆಯಬೇಕೋ, ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದವಳು ಮಹಾನಂದಾ. ನನ್ನ ಪಾಲಿನ ವಾಸನೆಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹೀಗಾಗಿ ಇಡೀ ಓಣಿ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾಗ ನಾನೊಬ್ಬ ನೆಮ್ಮದಿಯಿಂದ ಗಡಿಗೆಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದೆ.

ಬಗ್ಗಿ ನೋಡಿದೆ. ಗಡಿಗೆಯಲ್ಲಿ ಬಿಳಿ ಹುಳು ಮಿಜಿಮಿಜಿ ಆಡುತ್ತಿದ್ದವು.

“ಬೂದಿ ಹಾಕು,” ಅಂದರು ನೀಲಮ್ಮಕ್ಕ. “ಹುಳಕ್ಕ ಬೂದಿನ ಔಷಧ.”

ಸಲಹೆ ಒಳ್ಳೆಯದೇ. ಆದರೆ ಗ್ಯಾಸ್ ಒಲೆಯ ಕಾಲದಲ್ಲಿ ಬೂದಿ ಎಲ್ಲಿಂದ ತರುವುದು? ಯೋಚಿಸುತ್ತ ದೇವರ ಕೋಣೆಯ ಕಡೆ ನೋಡಿದೆ. ಮಹಾನಂದಾಳನ್ನು ಮಣ್ಣು ಮಾಡುವಾಗ ಬೇಕೆಂದು ತಂದ ವಿಭೂತಿ ಗಟ್ಟಿಗಳು ಬುಟ್ಟಿ ತುಂಬ ಉಳಿದಿದ್ದವು. ಮಾತಾಡಿಸಲು ಬಂದ ಸ್ವಾಮಿಗಳೂ ಕೊಟ್ಟು ಹೋಗಿದ್ದರು. ನಾನೊಬ್ಬ ದಿನಕ್ಕೆ ಎಷ್ಟು ಸಲ ಹಚ್ಚಿಕೊಂಡರೂ ಈ ಜನ್ಮಕ್ಕೆ ಮುಗಿಯುವ ಹಾಗಿರಲಿಲ್ಲ. ವಿಭೂತಿ ಎಂದರೂ ಸುಟ್ಟ ಸಗಣಿಯ ಬೂದಿಯೇ ಅಲ್ಲವೇ? ಅದೂ ಸೋಸಿದ, ಶುದ್ಧವಾದ ಬೂದಿ. ಹುಳುಗಳಿಗೂ ಪುಣ್ಯ. ನಾಲ್ಕೈದು ಗಟ್ಟಿ ಕುಟ್ಟಿ ಪುಡಿ ಮಾಡಿ ಗಡಿಗೆಗೆ ಸುರಿದೆ. ಕೈಗೆ ಅಂಟಿದ್ದನ್ನು ಗಡಿಗೆಯ ಹೊಟ್ಟೆಗೇ ಒರೆಸಿದೆ.

ಮರುದಿನ ನೀಲಮ್ಮಕ್ಕ ಮೆಟ್ಟಿಲು ಹತ್ತಿ ಬಂದರು. ಗಡಿಗೆಯ ಮೇಲೆ ಮೂರು ಬೆರಳಿನ ಬಿಳಿ ಪಟ್ಟಿ ಕಂಡದ್ದೇ ಚಪ್ಪಲಿ ಬಿಟ್ಟು ಕೈ ಮುಗಿದರು.

“ಯಾವಾಗ ಕೂಡಿಸೀದಿ? ಯಾವ ದೇವರು?” ಎಂದು ಮೆಲ್ಲಗೆ ಕೇಳಿ ಒಳಗೆ ಬಗ್ಗಿದರು. ದೇವರು ಕಾಣಲಿಲ್ಲ. ವಿಭೂತಿ ಹಚ್ಚಿಕೊಂಡ ಬದನೆಕಾಯಿ ಕಂಡಿತು.

“ಎಂಜಲದಾಗ ವಿಭೂತಿ ಹಾಕೀದಿ?”

“ನೀವ ಬೂದಿ ಹಾಕು ಅಂದ್ರಿ, ಅಕ್ಕಾರ.”

“ನಾ ಬೂದಿ ಅಂದೆ. ಗಡಿಗಿಗಿ ದೀಕ್ಷಾ ಕೊಡು ಅಂದಿಲ್ಲ.”

ನಮ್ಮಲ್ಲಿ ವಿಭೂತಿ ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡುತ್ತಾರೆ. ಇನ್ನು ಎಂಜಲಿನಲ್ಲಿ ಕಲೆಸುವುದೆಂದರೆ ಕೇಳಬೇಕೇ? ನೀಲಮ್ಮಕ್ಕ ಕೆಳಗೆ ಹೋಗಿ ನನ್ನ ಪರವಾಗಿ ಗಲ್ಲ ಬಡಿದುಕೊಂಡರಂತೆ. ವಿಭೂತಿಯಾದರೋ ಮಜ್ಜಿಗೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಗೋಡೆಗೆ ಬಳಿದ ಸುಣ್ಣದ ಹಾಗೆ ಗಟ್ಟಿಯಾಗಿ ಕುಳಿತಿತು. ಮೇಲಿಂದ ನೀರು ಹಾಕಿದರೆ ನೀರು ಅಲ್ಲೇ ನಿಲ್ಲುತ್ತಿತ್ತು. ಕೋಲು ಇಳಿಯಲಿಲ್ಲ. ಕೊನೆಗೆ ಒನಕೆಯಿಂದ ಕುಟ್ಟಿ ಒಡೆದೆ. ಗಡಿಗೆಯ ಕಂಠವೂ ಸ್ವಲ್ಪ ಒಡೆಯಿತು.

ಮುಂದಿನ ಉಪಾಯವನ್ನು ಮೊಬೈಲಿನಲ್ಲಿ ನೋಡಿದೆ. ಬಹಳ ನಗುಮುಖದ ಒಬ್ಬರು, ಗೊಬ್ಬರ ಸತ್ತಿದ್ದರೆ ಬೆಲ್ಲದ ನೀರು ಹಾಕಿ ಬದುಕಿಸಿ ಎಂದರು. ಎಷ್ಟು ಬೆಲ್ಲ ಎಂದು ಹೇಳುವಷ್ಟರಲ್ಲಿ ಯಾರದೋ ಫೋನ್ ಬಂದು ವಿಡಿಯೋ ನಿಂತಿತು. ಕಡಿಮೆ ಆಗುವುದು ಬೇಡವೆಂದು ಅರ್ಧ ಪೆಂಟಿ, ಅಂದರೆ ದೊಡ್ಡ ಅಚ್ಚಿನಲ್ಲಿ ಅರ್ಧ, ಕರಗಿಸಿ ಹಾಕಿದೆ.

ಇರುವೆಗಳು ಬಂದವು. ಗೋಡೆ ಇಳಿದು, ಮೆಟ್ಟಿಲು ಇಳಿದು, ಬಹಳ ಶಿಸ್ತಿನಿಂದ ನೀಲಮ್ಮಕ್ಕನ ಸಕ್ಕರೆ ಡಬ್ಬಿಯವರೆಗೆ ರಸ್ತೆ ಮಾಡಿಕೊಂಡವು.

“ಶರಣಪ್ಪಾ, ನೋಡು,” ಅಂದರು ನೀಲಮ್ಮಕ್ಕ. ಈ ಸಲ ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. “ಮಹಾನಂದಾ ನನ್ನ ಮಗಳಿದ್ದಂಗ ಇದ್ದಳು. ಅದಕ್ಕ ಇಷ್ಟ ದಿವಸ ತಡಕೊಂಡೀನಿ. ಬರೂ ಅಮಾಸಿತನಾ ಟೈಮ್ ಕೊಡ್ತೀನಿ. ವಾಸನಿ ನಿಲ್ಲಲಿಲ್ಲಂದ್ರ ಗಡಿಗಿ ಇಲ್ಲಿಂದ ಹೋಗಬೇಕು.”

“ಗಡಿಗಿ ಹೋಗಾಂಗಿಲ್ರಿ, ಅಕ್ಕಾರ.”

“ಹಂಗಾರ ನೀನೂ ಅದರ ಜೋಡಿ ಹೋಗು.”

ಆಗ ನಾನು ಕುಳಿತು ಗಂಭೀರವಾಗಿ ಆಲೋಚಿಸಿದೆ. ಗಡಿಗೆಯಲ್ಲಿ ನೀರು ಹೆಚ್ಚಾಗಿದೆ, ಒಣಗಿದ್ದು ಏನಾದರೂ ಬೇಕು. ಮಹಾನಂದಾ ಒಣಗಿದ ಎಲೆ ಹಾಕುತ್ತಿದ್ದಳು. ಆ ಎಲೆಗಳನ್ನು ಎಲ್ಲಿಂದ ತರುತ್ತಿದ್ದಳೋ ನಾನು ಕೇಳಿದವನಲ್ಲ. ಎಲೆಯ ಹಂಗು ನನಗೇಕೆ? ನಾನು ಬೇಳೆ ಮಿಲ್ಲಿನ ಮನುಷ್ಯ. ಹೊಟ್ಟಿನ ಗುಡ್ಡೆಗಳ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಮಿಲ್ಲಿನಲ್ಲಿ ಬರಿ ಹೊಟ್ಟೂ ಸಿಗುತ್ತದೆ, ಚುನ್ನಿಯೂ ಸಿಗುತ್ತದೆ. ಚುನ್ನಿ ಎಂದರೆ ತೊಗರಿ ಒಡೆಯುವಾಗ ಉದುರುವ ನುಚ್ಚು, ಪುಡಿ, ಸಿಪ್ಪೆಯ ಮಿಶ್ರಣ. ದನಕ್ಕೆ ಹಾಕುವ ಮಾಲು, ಹೊಟ್ಟಿಗಿಂತ ತುಟ್ಟಿ. ಹೆಂಡತಿಯ ಗಡಿಗೆಗೆ ಎರಡನೇ ದರ್ಜೆಯದು ಏಕೆ ಹಾಕಬೇಕು? ಒಂದು ಚೀಲ ಚುನ್ನಿ ಹೊತ್ತು ತಂದೆ. ಮೂರೂ ಗಡಿಗೆಗೆ ಸಮನಾಗಿ ಹಂಚಿದೆ.

ಎರಡು ದಿನದಲ್ಲಿ ಗಡಿಗೆಗಳು ಬಿಸಿಯಾದವು. ಕೈ ಇಟ್ಟರೆ ಜ್ವರ ಬಂದವರ ಹಣೆಯ ಹಾಗೆ ಇತ್ತು. ಬಿಸಿ ಆದರೆ ಗೊಬ್ಬರ ಆಗುತ್ತಿದೆ ಎಂದು ಮಹಾನಂದಾ ಹೇಳಿದ್ದು ನೆನಪಿತ್ತು. ಬಹಳ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ. ನಿಜದಲ್ಲಿ ಆಗುತ್ತಿದ್ದುದು ಬೇರೆ. ನೆನೆದ ಚುನ್ನಿ ಹುಳಿ ಬಂದು, ಬೆಲ್ಲದ ಜೊತೆ ಸೇರಿ, ಉಕ್ಕಿ, ಒಂದು ಭಾರಿ ಪರಿಮಳ ಎಬ್ಬಿಸಿತ್ತು. ಅದು ಓಣಿಯ ಕೊನೆಯವರೆಗೆ ಹೋಗುತ್ತಿತ್ತಂತೆ. ಓಣಿಯ ಕೊನೆಯಲ್ಲಿ ಇಸ್ಮಾಯಿಲ್ ಭಾಯಿಯ ಎಮ್ಮೆ ಕೊಟ್ಟಿಗೆ ಇದೆ. ಅವನ ಎಮ್ಮೆಗಳಿಗೆ ಹೋಗುವುದೂ ನಮ್ಮ ಮಿಲ್ಲಿನ ಚುನ್ನಿಯೇ.

ಗುರುವಾರ ಮಿಲ್ಲಿನಿಂದ ಸ್ವಲ್ಪ ಬೇಗ ಬಂದೆ. ಮನೆಯ ಮುಂದೆ ಜನ ಸೇರಿದ್ದರು. ಮನೆಯ ಮುಂದೆ ಹಾಗೆ ಜನ ನಿಂತದ್ದನ್ನು ಕೆಲವು ತಿಂಗಳ ಹಿಂದೆ ಒಮ್ಮೆ ನೋಡಿದ್ದೆ. ಕಾಲು ತಡೆಯಿತು. ಆಮೇಲೆ ಎಲ್ಲರೂ ಮೇಲೆ ನೋಡುತ್ತಿದ್ದಾರೆಂದು ತಿಳಿದು ನಾನೂ ತಲೆ ಎತ್ತಿದೆ.

ಎಮ್ಮೆ ಇತ್ತು.

ನನ್ನ ಕುರ್ಚಿಯ ಜಾಗದಲ್ಲಿ ನಿಂತು, ಮೇಲಿನ ಗಡಿಗೆಯಲ್ಲಿ ಮುಖ ಇಟ್ಟಿತ್ತು. ಕುರ್ಚಿ ಕಾಣಲಿಲ್ಲ. ನನ್ನನ್ನು ಕಂಡು ಒಮ್ಮೆ ತಲೆ ಎತ್ತಿತು. ಮೂತಿಯ ತುಂಬ ವಿಭೂತಿ ಇತ್ತು.

“ಬಾ, ನಿನ್ನ ಮನಿಗಿ ಬೀಗರ ಬಂದಾರ,” ಅಂದರು ನೀಲಮ್ಮಕ್ಕ.

“ಇಸ್ಮಾಯಿಲ್ ಭಾಯ್, ನಿಮ್ಮ ಎಮ್ಮಿ ಇಳಸ್ರಿ,” ಅಂದೆ.

ಇಸ್ಮಾಯಿಲ್ ಭಾಯಿ ತಲೆ ಕೆರೆದುಕೊಂಡ. “ಎಮ್ಮಿ ಮೆಟ್ಟಲ ಹತ್ತತದ್ರಿ ಶರಣಪ್ಪಾ ಭಾಯ್, ಇಳಿಯಂಗಿಲ್ಲ. ಕೆಳಗ ನೋಡಿದ್ರ ಹೆದರತದ. ಔರತ್ ಜಾತ್ ಹೈ ನಾ, ಹೆಣ್ಣ ಜಾತಿ.”

“ಯಾರಿಗಿ ಅಂದಿ?” ಅಂದರು ನೀಲಮ್ಮಕ್ಕ.

“ಎಮ್ಮಿಗಿ ಅಂದೇರಿ, ಆಪಾ.”

ಓಣಿಯವರು ಧಾರಾಳವಾಗಿ ಸಲಹೆ ಕೊಟ್ಟರು. ಒಬ್ಬರು ಕಣ್ಣು ಕಟ್ಟಿ ಇಳಿಸಿ ಅಂದರು. ಇನ್ನೊಬ್ಬರು ಜೆಸಿಬಿ ತರಿಸಿ ಅಂದರು. ಮತ್ತೊಬ್ಬರು, ಅಲ್ಲೇ ಇರಲಿ, ಮೇಲೇ ಹಾಲು ಹಿಂಡಿದರಾಯಿತು ಅಂದರು. ಅವರನ್ನು ನೀಲಮ್ಮಕ್ಕ ಒಮ್ಮೆ ನೋಡಿದರು, ಅವರು ಮನೆಗೆ ಹೋದರು. ಕೊನೆಗೆ ನಾನು ಒಂದು ಯೋಜನೆ ಮಂಡಿಸಿದೆ. ಮೆಟ್ಟಿಲ ಮೇಲೆಲ್ಲ ಹೊಟ್ಟಿನ ಚೀಲ ಹಾಸಿ ಇಳಿಜಾರು ಮಾಡಿದರೆ ಎಮ್ಮೆಗೆ ಮೆಟ್ಟಿಲು ಕಾಣುವುದಿಲ್ಲ, ಹೆದರುವುದಿಲ್ಲ. ಇಸ್ಮಾಯಿಲ್ ಭಾಯಿಯ ಕೊಟ್ಟಿಗೆಯಿಂದ ಚೀಲಗಳು ಬಂದವು. ಬೆವರು ಸುರಿಸಿ ಹಾಸಿದೆವು. ನಿಂತು ನೋಡಿದರೆ ನನಗೇ ಮೆಚ್ಚುಗೆಯಾಯಿತು. ಎಮ್ಮೆಯೂ ಮೆಚ್ಚಿತು. ಮೊದಲನೇ ಚೀಲದ ಮೂಲೆ ಕಚ್ಚಿ ಹರಿದು ತಿನ್ನತೊಡಗಿತು.

“ನಮ್ಮ ಮಾವನೋರು ಕಟ್ಟಿಸಿದ ಮೆಟ್ಟಲ,” ಅಂದರು ನೀಲಮ್ಮಕ್ಕ, ಯಾರಿಗೂ ಅಲ್ಲದ ಹಾಗೆ. “ಬೀಗರು ಹತ್ಯಾರ, ಸ್ವಾಮಿಗೋಳು ಹತ್ಯಾರ. ಎಮ್ಮಿ ಹತ್ತಿದ್ದು ಶರಣಪ್ಪನ ಕಾಲದಾಗ.”

ಹೊತ್ತು ಇಳಿಯಿತು. ಹಾಲು ಹಿಂಡುವ ವೇಳೆಯಾಯಿತು. ಓಣಿಯ ಕೊನೆಯಲ್ಲಿ ಕರು ಒಮ್ಮೆ ಕೂಗಿತು. ಎಮ್ಮೆ ಕಿವಿ ನಿಮಿರಿಸಿತು, ತಿರುಗಿತು, ನಮ್ಮ ಇಳಿಜಾರನ್ನು ಕಣ್ಣೆತ್ತಿಯೂ ನೋಡದೆ ಪಕ್ಕದ ಖಾಲಿ ಅಂಚಿನಿಂದ ಒಂದೊಂದೇ ಮೆಟ್ಟಿಲು ಇಳಿದು, ಜನರ ನಡುವೆ ಹಾದು ಮನೆಗೆ ಹೋಯಿತು. ನಾವು ಯಾರೂ ಅದನ್ನು ಇಳಿಸಲಿಲ್ಲ.

ಆದರೆ ತಿರುಗುವಾಗ ಅದರ ಹಿಂಬದಿ ತಗುಲಿ ಗಡಿಗೆಗಳು ಉರುಳಿದ್ದವು. ಮೇಲಿನವೆರಡು ಅಲ್ಲೇ ಒಡೆದವು. ಕೆಳಗಿನ ಗಡಿಗೆ, ಹೆಪ್ಪು ಇದ್ದದ್ದು, ಮೆಟ್ಟಿಲ ಮೇಲೆ ಬಂದು ಒಡೆಯಿತು. ಚುನ್ನಿ, ಸಗಣಿ, ಅನ್ನ, ಕರಿ ಮಣ್ಣು, ಎಲ್ಲ ಒಂದಾಗಿ ಮೆಟ್ಟಿಲು ತುಂಬಿತು. ನಾನು ಮೊರ ತರಲು ಒಳಗೆ ಹೋದೆ. ಕರಿಯದನ್ನು ಬೇರೆ ಮಾಡಿ ಎತ್ತಿಕೊಂಡರೆ ಸಾಕು, ಒಂದು ಹಿಡಿ ಸಿಕ್ಕರೂ ಸಾಕು ಎಂದುಕೊಂಡೆ. ಹೊರಗೆ ಬರುವಷ್ಟರಲ್ಲಿ ನೀಲಮ್ಮಕ್ಕ ಪೈಪು ಹಿಡಿದಿದ್ದರು. ಅವರ ಮಾವನ ಮೆಟ್ಟಿಲು. ಮೇಲಿಂದ ಕೆಳಗಿನವರೆಗೆ ನೀರು ಬಿಟ್ಟು ತೊಳೆದಿದ್ದರು.

“ಅಕ್ಕಾರ, ಜರಾ ತಡೀರಿ,” ಅಂದೆ.

“ಇನ್ನ ಎಷ್ಟ ತಡೀಲಿ?”

ಕರಿ ನೀರು ಗಟಾರಕ್ಕೆ ಇಳಿದು ಹರಿಯುತ್ತಿತ್ತು. ನಾನು ಮೊರ ಹಿಡಿದು ಗಟಾರದ ಗುಂಟ ಓಡಿದೆ. ಮೂಲೆಯಲ್ಲಿ ಕೂತು ಕೈ ಹಾಕಿದೆ. ಇಸ್ಮಾಯಿಲ್ ಭಾಯಿ ಹಿಂದೆಯೇ ಓಡಿ ಬಂದ.

“ಕ್ಯಾ ಗಿರಾ ಭಾಯ್? ಬಂಗಾರಾ ಏನ್ರಿ?”

ಬಂಗಾರ ಎಂಬ ಮಾತು ಕೇಳಿ ಓಣಿಯೇ ಬಂತು. ತಾಳಿಯಂತೆ ಎಂದು ಯಾರೋ ಅಂದರು. ಹೆಂಗಸರು ಅಯ್ಯೋ ಅಂದರು. ಒಬ್ಬರು ಟಾರ್ಚ್ ತಂದರು, ಇಬ್ಬರು ತೋಳು ಮಡಚಿ ಗಟಾರಕ್ಕೆ ಕೈ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಇಸ್ಮಾಯಿಲ್ ಭಾಯಿ ಮತ್ತೆ ಕೇಳಿದ, “ಖರೇ ಹೇಳ್ರಿ, ಏನ್ ಹುಡುಕಬೇಕು ನಾವು?”

“ಗೊಬ್ಬರ,” ಅಂದೆ.

ಗಟಾರದಿಂದ ಒಂದೊಂದೇ ಕೈ ಹೊರಗೆ ಬಂತು.

ನೀಲಮ್ಮಕ್ಕ ಅಂದು ಸಂಜೆ ಚಹಾ ತಂದು ಕೊಟ್ಟು ಮೆಟ್ಟಿಲ ಮೇಲೆ ಕುಳಿತರು. ಯಾಕೆ ಗಟಾರಕ್ಕೆ ಕೈ ಹಾಕಿದೆ ಎಂದು ಕೇಳಿದರು. ಹೆಪ್ಪಿನ ಸಂಗತಿ ಹೇಳಿದೆ.

“ಇದನ್ನ ಮೊದಲ ಬಾಯಿ ಬಿಟ್ಟು ಹೇಳಬಾರದಾಗಿತ್ತೇನೋ, ಹುಚ್ಚಾ? ಹುಳ ಅವ, ಇರಬಿ ಅವ, ಎಲ್ಲಾ ಹೇಳಿದಿ. ಇದೊಂದ ಹೇಳಲಿಲ್ಲ.”

ಮರುದಿನ ರಜೆ ಹಾಕಿ ಹುಮನಾಬಾದ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಹೆಪ್ಪಿನ ಮೂಲ ಅಲ್ಲಿಯೇ ಇದೆಯಲ್ಲ. ಮಹಾನಂದಾಳ ತಮ್ಮ ರೇವಣಸಿದ್ಧ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಅವರ ಅಪ್ಪನ ಕಾಲದ ತಿಪ್ಪೆ ಬಾಳೆ ತೋಟದ ಮಗ್ಗುಲಲ್ಲಿ ಈಗಲೂ ಇದೆ. ಬಂದ ಕೆಲಸ ಹೇಳಿದೆ. ಅವನು ನನ್ನ ಮುಖ ನೋಡಿದ.

“ಮಾಮಾ, ಮಂದಿ ಕಮಲಾಪುರಕ್ಕ ಬಾಳಿಹಣ್ಣ ವಯ್ಯಾಕ ಬರ್ತಾರ. ನೀವು ತಿಪ್ಪಿ ವಯ್ಯಾಕ ಬಂದೀರಿ?”

“ಒಂದ ಹಿಡಿ ಸಾಕಪಾ.”

“ಹಿಡಿ ಏನ್ರಿ, ಟ್ರ್ಯಾಕ್ಟರ್ ತುಂಬಿ ಕೊಡ್ತಿದ್ದೆ. ಆದ್ರ ಇವತ್ತ ಶುಕ್ರವಾರ. ತಿಪ್ಪಿ ಅಂದ್ರ ಲಕ್ಷ್ಮಿ. ಶುಕ್ರವಾರ ಹೊರಗ ಕೊಡಾಂಗಿಲ್ಲ. ಮ್ಯಾಲ ನೀವು ಅಳ್ಯಾ. ಮನಿಮಗಳಿಗಿ, ಅಳಿಯಗ ತಿಪ್ಪಿ ಕೊಟ್ರ ಮನಿ ಲಕ್ಷ್ಮಿ ಅವರ ಹಿಂದ ಹೋಗ್ತಾಳಂತ.”

“ಮತ್ತ ನಿಮ್ಮಕ್ಕಗ ಹೆಂಗ ಕೊಟ್ಟಿರಿ?”

ರೇವಣಸಿದ್ಧ ನಗತೊಡಗಿದ. “ಯಾರ ಕೊಟ್ಟಿದ್ರು? ಅಪ್ಪ ಸಾಫ್ ಆಗಂಗಿಲ್ಲ ಅಂದಿದ್ದ. ಅಕ್ಕ ಕಳವು ಮಾಡಿದ್ಳು. ನಾ ಬಾಗಲದ ಬಲ್ಲಿ ನಿಂತು ಅಪ್ಪ ಬರ್ತಾನೇನು ಅಂತ ನೋಡ್ತಿದ್ದೆ. ಹಾಳ್ಯಾಗ ಸುತ್ತಿ, ಶೇಂಗಾ ಹೋಳಿಗಿ ಡಬ್ಬಿ ತಳಕ್ಕ ಇಟ್ಕೊಂಡು ಹೋದ್ಳು.”

ಆ ಡಬ್ಬಿ ನನಗೆ ನೆನಪಿದೆ. ಹೋಳಿಗೆ ತಿಂದವನು ನಾನೇ. ಚೆನ್ನಾಗಿವೆ ಎಂದು ಅತ್ತೆಗೆ ಹೇಳಿಯೂ ಕಳಿಸಿದ್ದೆ. ಇಷ್ಟು ವರ್ಷ ಅವಳು ಇದನ್ನು ನನಗೆ ಹೇಳಿರಲಿಲ್ಲ. ತವರಿನವರು ಕೊಟ್ಟದ್ದು ಎಂದೇ ಅನ್ನುತ್ತಿದ್ದಳು. ಮನೆಗೆ ಹೋದ ಕೂಡಲೇ ಇದನ್ನು ಎತ್ತಿ ಅವಳನ್ನು ಚೆನ್ನಾಗಿ ಕಾಡಿಸಬೇಕು ಅಂದುಕೊಂಡೆ. ಆಮೇಲೆ ಚೀಲ ಎಲ್ಲಿಟ್ಟೆ ಎಂದು ಹುಡುಕಿದೆ.

“ನೋಡ್ರಿ ಮಾಮಾ,” ಅಂದ ರೇವಣಸಿದ್ಧ. “ನಾ ಕೊಡಾಂಗಿಲ್ಲ. ನಾ ಆ ಕಡಿ ತಿರಗಿ ಬಾಳಿ ಗೊನಿ ನೋಡ್ತೀನಿ. ಅಷ್ಟರಾಗ ಏನಾತು ಅಂಬೂದು ನನಗ ಗೊತ್ತಿಲ್ಲ.”

ಅವನು ತಿರುಗಿ ನಿಂತ. ನಾನು, ತಲೆ ಕೂದಲು ಬೆಳ್ಳಗಾದ ಅಳಿಯ, ಧೋತರ ಎತ್ತಿ ಕಟ್ಟಿ ತಿಪ್ಪೆ ಏರಿದೆ. ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದದ್ದು ತಪ್ಪಾಯಿತು. ಮೇಲಿನದು ಹಸಿ, ಬೇಡ. ಒಳಗಿನ ಹಳೆಯದು ಬೇಕೆಂದು ಕೈಯಿಂದ ಕೆದಕುತ್ತಿದ್ದಾಗ ರೇವಣಸಿದ್ಧನ ಹೆಂಡತಿ ಸುವರ್ಣಾ ಚಹಾ ತೆಗೆದುಕೊಂಡು ಬಂದಳು.

“ಅಯ್ಯ, ಮಾಮಾರು ತಿಪ್ಯಾಗ ಏನ್ ಕಳಕೊಂಡಾರ್ರಿ?”

“ನಾ ನೋಡಿಲ್ಲ. ನೀನೂ ನೋಡಬ್ಯಾಡ,” ಅಂದ ರೇವಣಸಿದ್ಧ, ತಿರುಗದೆ.

ಅವಳೂ ಬೆನ್ನು ತಿರುಗಿಸಿ ನಿಂತಳು. ಗಂಡ ಹೆಂಡತಿ ಇಬ್ಬರೂ ಕೈಯಲ್ಲಿ ಕಪ್ಪು ಹಿಡಿದು ಬಾಳೆಗಿಡಗಳನ್ನು ನೋಡುತ್ತ, ಈ ವರ್ಷ ಗೊನೆ ಹೇಗಿವೆ ಎಂದು ದೊಡ್ಡ ದನಿಯಲ್ಲಿ ಮಾತಾಡಿದರು. ಹಿಂದೆ ನಾನು ಕಾಲು ಜಾರಿ ಕುಳಿತೆ. ಅದನ್ನೂ ಅವರು ನೋಡಲಿಲ್ಲ. ಹೊರಡುವಾಗ ಸುವರ್ಣಾ ಚೀಲದ ಮೇಲೆ ಒಂದು ಹಣಿಗೆ ಕೆಂಪು ಬಾಳೆಹಣ್ಣು ಇಟ್ಟು ಮುಚ್ಚಿದಳು. ಕಳವಿನ ಮಾಲು ಮುಚ್ಚುವುದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿದೆ.

ಬಸ್ಸಿನಲ್ಲಿ ಕಂಡಕ್ಟರು ಬಂದು ಮೂಗು ಮುರಿದ. “ಚೀಲದಾಗ ಏನದ ಅಜ್ಜಾರ?”

“ಕಮಲಾಪುರದ ಬಾಳಿಹಣ್ಣ.”

“ಬಾಳಿಹಣ್ಣ ಹಿಂಗ ನಾರತಾವೇನ್ರಿ?”

“ನನಗ ವಾಸನಿ ಬರಂಗಿಲ್ಲಪಾ.”

“ನಿಮ್ಮ ಪುಣ್ಯ ದೊಡ್ಡದು,” ಎಂದು ನನ್ನನ್ನು ಹಿಂದಿನ ಸೀಟಿಗೆ ಕಳಿಸಿದ. ಕಲಬುರಗಿ ಬರುವವರೆಗೂ ಆ ಇಡೀ ಸೀಟು ನನ್ನೊಬ್ಬನದೇ ಆಗಿತ್ತು.

ಮನೆಗೆ ಬಂದರೆ ಮೆಟ್ಟಿಲ ಬುಡಕ್ಕೆ ಬಡಗಿ ಕೂತು ಒಂದು ಗೇಟು ಕೂಡಿಸುತ್ತಿದ್ದ. ಗೇಟಿನ ಪಕ್ಕ ಮೂರು ಹೊಸ ಗಡಿಗೆ ಇದ್ದವು. ಯಾರು ತಂದರು ಎಂದು ನಾನು ಕೇಳಲಿಲ್ಲ, ನೀಲಮ್ಮಕ್ಕ ಹೇಳಲಿಲ್ಲ. ಕಾನೂನು ಮಾತ್ರ ಹೇಳಿದರು. “ಅನ್ನ ಹಾಕಬಾರದು. ಮಜ್ಜಿಗಿ ಹಾಕಬಾರದು. ಚುನ್ನಿ ಹೆಸರ ಎತ್ತಬಾರದು. ದೇವರ ಕೋಣಿ ಕಡಿ ನೋಡಬಾರದು. ದಿನಾ ಮುಂಜಾನಿ ನಾ ಬಂದು ಮೂಸಿ ನೋಡ್ತೀನಿ.”

ಹಾಗೇ ಆಯಿತು. ಕಮಲಾಪುರದಿಂದ ತಂದದ್ದನ್ನು ಮೊದಲ ಗಡಿಗೆಯ ತಳಕ್ಕೆ ಹಾಕಿದೆ. ಒಣಗಿದ ಬೇವಿನ ಎಲೆಯನ್ನು ಹಿಂದಿನ ಓಣಿಯ ಗಿಡದ ಕೆಳಗೆ ಗುಡಿಸಿ ತರುತ್ತೇನೆ. ಮಹಾನಂದಾ ತರುತ್ತಿದ್ದದ್ದೂ ಅಲ್ಲಿಂದಲೇ ಎಂದು ಅಲ್ಲಿನವರು ಹೇಳಿದರು. ನೀಲಮ್ಮಕ್ಕ ಬೆಳಿಗ್ಗೆ ಮೇಲೆ ಬಂದು ಗಡಿಗೆಗೆ ಮೂಗು ಹಚ್ಚಿ ತೀರ್ಪು ಕೊಡುತ್ತಾರೆ. ಮೊದಲ ತಿಂಗಳು ದಿನವೂ ಬೈಸಿಕೊಂಡೆ. ಮೊನ್ನೆ ಮೂಸಿದವರು ಏನೂ ಅನ್ನದೆ ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಒಡೆದ ಬಕೀಟು ಹಿಡಿದು ಮತ್ತೆ ಬಂದು, “ನಮ್ಮ ಗುಲಾಬಿಗಿ ಒಂದೆರಡ ಬೊಗಸಿ ಹಾಕು,” ಅಂದರು. ಗೊಬ್ಬರ ಆಗಿದೆ ಎಂದು ನನಗೆ ತಿಳಿದದ್ದು ಹಾಗೆ. ಓಣಿಯಲ್ಲಿ ನನ್ನ ಹೆಸರು ಎಮ್ಮೆ ಶರಣಪ್ಪ ಎಂದಾಗಿದೆ. ಮನೆಗೆ ಬಂದ ನೆಂಟರಿಗೆ ಜನ ನಮ್ಮ ಮೆಟ್ಟಿಲು ತೋರಿಸುತ್ತಾರೆ. ಮೂವತ್ತು ವರ್ಷ ಕಾಟಾದ ಮುಂದೆ ತಪ್ಪಿಲ್ಲದೆ ತೂಕ ಮಾಡಿದ್ದು ಯಾರ ನೆನಪಿನಲ್ಲೂ ಇಲ್ಲ.

ನಿನ್ನೆ ಹೊಸ ಗಡಿಗೆ ಹೂಡಿದೆ. ತುಂಬಿದ ಗಡಿಗೆಯಿಂದ ಒಂದು ಹಿಡಿ ತೆಗೆದು ತಳಕ್ಕೆ ಹಾಕಿದೆ. ಊರು ಅದೇ ಕಮಲಾಪುರ, ತಿಪ್ಪೆ ಅದೇ, ತಂದ ರೀತಿಯೂ ಅದೇ. ಗೊಬ್ಬರವೂ ಚೆನ್ನಾಗಿಯೇ ಇದೆಯಂತೆ. ಮಹಾನಂದಾ ತಿರುವಿದ ಮಣ್ಣು ಇದರಲ್ಲಿ ಒಂದು ಚಿಟಿಕೆಯೂ ಇಲ್ಲ.